ಪಾಚಿ ಎಣ್ಣೆಯ ಕಂಪೆನಿ ಆಹಾರೋದ್ಯಮಕ್ಕೆ ಇಳಿದಾಗ: ಸೊಲಾಝೈಮ್ ಹೂಡಿಕೆದಾರರ ವಾದ-ಪ್ರತಿವಾದ

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಮುಂದೆ ವಾಣಿಜ್ಯವನ್ನೋ ವಿಜ್ಞಾನವನ್ನೋ ಆಯ್ದುಕೊಂಡಾಗ ಷೇರು, ಸಾಲಪತ್ರ, ವೈವಿಧ್ಯೀಕರಣ, ದಿವಾಳಿ ಮೊದಲಾದ ಪರಿಕಲ್ಪನೆಗಳು ಇಂಗ್ಲಿಷಿನಲ್ಲಿ ಒಮ್ಮೆಗೇ ಎದುರಾಗುತ್ತವೆ. ವ್ಯಾಖ್ಯೆ ಬಾಯಿಪಾಠವಾಗುತ್ತದೆ, ವಿಷಯ ಮನಸ್ಸಿಗೆ ಇಳಿಯುವುದಿಲ್ಲ. ಮನೆಯ ಉಳಿತಾಯವನ್ನು ಷೇರುಪೇಟೆಗೆ ಹಾಕಿರೆಂದು ಕರೆಯುವ ಸಂದೇಶಗಳು ಪೋಷಕರ ಮೊಬೈಲಿಗೂ ಬರುತ್ತಿರುವ ಕಾಲವಿದು. ಆದುದರಿಂದ ಈ ಪರಿಕಲ್ಪನೆಗಳನ್ನು ಒಂದು ನಿಜವಾದ ಕಂಪೆನಿಯ ಚರಿತ್ರೆಯ ಮೂಲಕ ಕನ್ನಡದಲ್ಲಿಯೇ ವಿವರಿಸಲು ನಾವು ಇಲ್ಲಿ ಯತ್ನಿಸಿದ್ದೇವೆ. ಆ ಕಂಪೆನಿ ಅಮೆರಿಕದ ಸೊಲಾಝೈಮ್. ಮುಂದೆ ಅದು ಟೆರಾವಿಯಾ ಎಂಬ ಹೆಸರನ್ನು ತಳೆಯಿತು.

ಕಂಪೆನಿ ಮತ್ತು ಅದರ ವಿದ್ಯೆ

ಜಾನಥನ್ ವುಲ್ಫ್‌ಸನ್ ಮತ್ತು ಹ್ಯಾರಿಸನ್ ಡಿಲನ್ ಎಂಬಿಬ್ಬರು ಎಮರಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಗೆಳೆಯರಾದವರು. ಇವರು 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೊಲಾಝೈಮನ್ನು ಆರಂಭಿಸಿದರು. ಸೂಕ್ಷ್ಮ ಪಾಚಿಯಿಂದ ಎಣ್ಣೆ ತೆಗೆಯುವುದು ಇವರ ಗುರಿಯಾಗಿತ್ತು.

ಪಾಚಿ ಎಂದೊಡನೆ ಕೆರೆಯ ನೀರಿನ ಮೇಲೆ ಬಿಸಿಲಿಗೆ ಬೆಳೆಯುವ ಹಸಿರು ಪದರ ನಮ್ಮ ಕಣ್ಣಮುಂದೆ ಬರುತ್ತದೆ. ಸೊಲಾಝೈಮ್ ಹಿಡಿದದ್ದು ಬೇರೆ ದಾರಿ. ಕೆಲವು ಸೂಕ್ಷ್ಮ ಪಾಚಿಗಳು ಬೆಳಕಿಲ್ಲದೆಯೂ ಸಕ್ಕರೆಯನ್ನು ಉಂಡು ಬೆಳೆಯಬಲ್ಲವು. ಅವುಗಳನ್ನು ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ, ಕತ್ತಲಲ್ಲಿ, ಸಕ್ಕರೆಯ ದ್ರಾವಣದೊಡನೆ ಇಟ್ಟರೆ ಕೆಲವೇ ದಿನಗಳಲ್ಲಿ ಅವುಗಳ ಕೋಶಗಳು ಎಣ್ಣೆಯಿಂದ ತುಂಬುತ್ತವೆ. ದೋಸೆಯ ಹಿಟ್ಟು ಹುದುಗುವಾಗ ಸೂಕ್ಷ್ಮಜೀವಿಗಳು ಹಿಟ್ಟಿನಲ್ಲಿರುವ ಸಕ್ಕರೆಯಿಂದ ಆಮ್ಲವನ್ನೂ ಅನಿಲವನ್ನೂ ಉಂಟುಮಾಡುತ್ತವೆ; ಇಲ್ಲಿ ಪಾಚಿ ಸಕ್ಕರೆಯಿಂದ ಎಣ್ಣೆಯನ್ನು ಉಂಟುಮಾಡುತ್ತದೆ. ಬಳಿಕ ಕೋಶಗಳನ್ನು ಒಣಗಿಸಿ, ಕಾಳಿನಿಂದ ಎಣ್ಣೆ ಹಿಂಡುವಂತೆಯೇ ಹಿಂಡಲಾಗುತ್ತದೆ. ಪಾಚಿಯ ವಂಶವಾಹಿಗಳನ್ನು ಮಾರ್ಪಡಿಸಿ, ಯಾವ ಬಗೆಯ ಕೊಬ್ಬಿನಾಮ್ಲ ಎಷ್ಟಿರಬೇಕೆಂಬುದನ್ನು ನಿಯಂತ್ರಿಸುವ ವಿದ್ಯೆಯನ್ನೂ ಕಂಪೆನಿ ಸಾಧಿಸಿತು.

ಇಂಧನದ ಭರವಸೆ ಮತ್ತು ಬಂಡವಾಳ

ಹೂಡಿಕೆದಾರರನ್ನು ಮೊದಲು ಸೆಳೆದದ್ದು ಇಂಧನ. 2011ರ ಮೇ ತಿಂಗಳಲ್ಲಿ ಕಂಪೆನಿ ಷೇರೊಂದಕ್ಕೆ 18 ಡಾಲರಿನಂತೆ ಸಾರ್ವಜನಿಕರಿಗೆ ಷೇರುಗಳನ್ನು ಮಾರಿ ಸುಮಾರು 19.8 ಕೋಟಿ ಡಾಲರ್ ಸಂಗ್ರಹಿಸಿತು. ಅದೇ ವರ್ಷದ ನವೆಂಬರ್ 7ರಂದು ಹ್ಯೂಸ್ಟನ್‌ನಿಂದ ಶಿಕಾಗೋಗೆ ಹಾರಿದ ಯುನೈಟೆಡ್ ಸಂಸ್ಥೆಯ ಪ್ರಯಾಣಿಕ ವಿಮಾನದ ಇಂಧನದಲ್ಲಿ 40 ಪ್ರತಿಶತ ಪಾಚಿಯಿಂದ ಬಂದದ್ದಾಗಿತ್ತು. ಅಮೆರಿಕದ ನೌಕಾಪಡೆಯೂ ಕಂಪೆನಿಯ ಗ್ರಾಹಕನಾಗಿತ್ತು.

ಬ್ರೆಜಿಲ್‌ನ ಸಾವೊ ಪಾವ್ಲೊ ರಾಜ್ಯದಲ್ಲಿ ಬಂಗೆ ಎಂಬ ಧಾನ್ಯ ವ್ಯಾಪಾರ ಸಂಸ್ಥೆಯ ಸಕ್ಕರೆ ಕಾರ್ಖಾನೆಗೆ ಹೊಂದಿಕೊಂಡು ಎರಡೂ ಕಂಪೆನಿಗಳು ಜಂಟಿಯಾಗಿ ಒಂದು ಸ್ಥಾವರವನ್ನು ಕಟ್ಟಿದವು. ಕಬ್ಬಿನ ರಸ ಪಕ್ಕದಲ್ಲಿಯೇ ದೊರೆಯುವುದೆಂಬುದು ಸ್ಥಳದ ಆಯ್ಕೆಗೆ ಕಾರಣ. ವರ್ಷಕ್ಕೆ ಒಂದು ಲಕ್ಷ ಟನ್ ಎಣ್ಣೆಯ ಸಾಮರ್ಥ್ಯವನ್ನು ಉದ್ದೇಶಿಸಿದ್ದ ಈ ಸ್ಥಾವರ 2014ರಲ್ಲಿ ಉತ್ಪಾದನೆ ಆರಂಭಿಸಿತು.

ಇಂಥ ವಿಸ್ತರಣೆಗೆ ಷೇರು ಮಾರಿದ ಹಣ ಸಾಲದು. ಆದ್ದರಿಂದ ಕಂಪೆನಿ 2013ರಲ್ಲಿ 12.5 ಕೋಟಿ ಡಾಲರಿನ, 2014ರಲ್ಲಿ ಸುಮಾರು 15 ಕೋಟಿ ಡಾಲರಿನ ಪರಿವರ್ತನೀಯ ಸಾಲಪತ್ರಗಳನ್ನು ಹೊರಡಿಸಿತು. ಇದು ಒಂದು ಬಗೆಯ ಸಾಲ. ಷೇರಿನ ಬೆಲೆ ನಿಗದಿತ ಮಟ್ಟವನ್ನು ದಾಟಿ ಏರಿದರೆ ಸಾಲ ಕೊಟ್ಟವರು ಅದನ್ನು ಷೇರುಗಳಾಗಿ ಬದಲಿಸಿಕೊಂಡು ಲಾಭ ಪಡೆಯಬಹುದು. ಏರದಿದ್ದರೆ ಅವಧಿ ಮುಗಿದ ದಿನ ಅಸಲನ್ನು ಕೇಳಬಹುದು. ಮೊದಲನೆಯದರ ಅವಧಿ 2018ರಲ್ಲಿ, ಎರಡನೆಯದರ ಅವಧಿ 2019ರಲ್ಲಿ ಮುಗಿಯುವುದಿತ್ತು. ಈ ಎರಡು ಇಸವಿಗಳನ್ನು ಓದುಗರು ನೆನಪಿನಲ್ಲಿಡಬೇಕು.

ಒಂದು ಸರಳ ಲೆಕ್ಕ

2014ರ ಮಧ್ಯದಲ್ಲಿ ಪೀಪಾಯಿಗೆ 100 ಡಾಲರ್ ದಾಟಿದ್ದ ಕಚ್ಚಾತೈಲದ ಬೆಲೆ 2016ರ ಆರಂಭಕ್ಕೆ 30 ಡಾಲರಿಗಿಂತ ಕೆಳಗಿಳಿಯಿತು. ಪಾಚಿಯ ಇಂಧನ ಅದರೊಡನೆ ಸ್ಪರ್ಧಿಸುವ ಮಾತೇ ಉಳಿಯಲಿಲ್ಲ. ಹಾಗಾದರೆ ಇದನ್ನು ಸಾಮಾನ್ಯ ಅಡುಗೆ ಎಣ್ಣೆಯಂತೆ ಮಾರಬಹುದಾಗಿತ್ತೇ? ಹೈಸ್ಕೂಲಿನ ಗಣಿತವೇ ಇದಕ್ಕೆ ಉತ್ತರ ಕೊಡುತ್ತದೆ.

ಜೀವಕೋಶ ಸಕ್ಕರೆಯನ್ನು ಎಣ್ಣೆಯಾಗಿ ಬದಲಿಸುವಾಗ ತೂಕದ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೋಗುತ್ತದೆ. ರಸಾಯನಶಾಸ್ತ್ರದ ನಿಯಮದಂತೆ, ಎಲ್ಲವೂ ಅತ್ಯುತ್ತಮವಾಗಿ ನಡೆದರೂ ಸುಮಾರು ಮೂರು ಕಿಲೋ ಸಕ್ಕರೆಯಿಂದ ಒಂದು ಕಿಲೋ ಎಣ್ಣೆ ಮಾತ್ರ ಸಿಗಬಲ್ಲದು. 2015ರಲ್ಲಿ ಅಂತಾರಾಷ್ಟ್ರೀಯ ಪೇಟೆಯಲ್ಲಿ ಕಚ್ಚಾ ಸಕ್ಕರೆಯ ಬೆಲೆ ಕಿಲೋಗೆ ಸುಮಾರು 30 ಸೆಂಟ್ ಇತ್ತು. ಅಂದರೆ ಸಕ್ಕರೆಯೊಂದಕ್ಕೇ 90 ಸೆಂಟ್. ಅದೇ ವರ್ಷ ಒಂದು ಕಿಲೋ ತಾಳೆ ಎಣ್ಣೆ ಸುಮಾರು 60 ಸೆಂಟಿಗೆ ಸಿಗುತ್ತಿತ್ತು. ಕಾರ್ಖಾನೆಯ ಪಕ್ಕದ ಕಬ್ಬಿನ ರಸ ಕೊಂಚ ಅಗ್ಗವಾಗಿದ್ದಿರಬಹುದು. ಆದರೂ ತೊಟ್ಟಿ, ವಿದ್ಯುತ್ತು, ಕೂಲಿ, ಬಡ್ಡಿ ಇವನ್ನೆಲ್ಲ ಸೇರಿಸುವ ಮೊದಲೇ ಲೆಕ್ಕ ಸೋತಿತ್ತು.

ಹೀಗಾಗಿ ಕಂಪೆನಿಗೆ ಉಳಿದದ್ದು ಒಂದೇ ದಾರಿ: ಬೇರೆ ಎಣ್ಣೆಗಳಲ್ಲಿಲ್ಲದ ಗುಣವನ್ನು ತೋರಿಸಿ ಹೆಚ್ಚಿನ ಬೆಲೆಗೆ ಮಾರುವುದು.

ಆಹಾರದ ಕಡೆಗೆ

ಆಹಾರ ಕಂಪೆನಿಗೆ ಪೂರ್ತಿ ಹೊಸದಾಗಿರಲಿಲ್ಲ. ಫ್ರಾನ್ಸಿನ ರೊಕೆಟ್ ಸಂಸ್ಥೆಯೊಡನೆ 2010ರಲ್ಲಿ ಘೋಷಿಸಿದ ಪಾಚಿ-ಆಹಾರದ ಜಂಟಿ ಉದ್ಯಮ 2013ರಲ್ಲಿ ಮುರಿದುಬಿದ್ದಿತ್ತು. ಈ ನಡುವೆ ಆಲ್ಜೆನಿಸ್ಟ್ ಎಂಬ ಚರ್ಮದ ಆರೈಕೆಯ ಸೌಂದರ್ಯವರ್ಧಕ, ಸಾಬೂನಿಗೆ ಬೇಕಾದ ಎಣ್ಣೆ, ತೈಲಬಾವಿ ಕೊರೆಯುವಾಗ ಬಳಸುವ ಜಾರುಕ ಇವುಗಳಲ್ಲಿಯೂ ಕಂಪೆನಿ ಕೈಯಾಡಿಸಿತ್ತು. 2014ರಲ್ಲಿ ಅದರ ಆದಾಯ ಸುಮಾರು 6 ಕೋಟಿ ಡಾಲರ್, ನಷ್ಟ ಸುಮಾರು 16 ಕೋಟಿ ಡಾಲರ್. ಆ ವರ್ಷದ ನವೆಂಬರಿನಲ್ಲಿ, ಉತ್ಪಾದನೆಯ ವೇಗವನ್ನು ತಗ್ಗಿಸಿ ದುಬಾರಿ ಉತ್ಪನ್ನಗಳತ್ತ ಗಮನ ಹರಿಸುವುದಾಗಿ ಕಂಪೆನಿ ಪ್ರಕಟಿಸಿದಾಗ ಷೇರಿನ ಬೆಲೆ ಒಂದೇ ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿಯಿತು.

2016ರ ಮಾರ್ಚ್‌ನಲ್ಲಿ ಹೆಸರು ಟೆರಾವಿಯಾ ಎಂದು ಬದಲಾಯಿತು. ಆಹಾರ, ಪೋಷಣೆ ಮತ್ತು ವಿಶಿಷ್ಟ ಪದಾರ್ಥಗಳೇ ಇನ್ನು ಮುಂದೆ ತನ್ನ ಕಾರ್ಯಕ್ಷೇತ್ರವೆಂದು ಕಂಪೆನಿ ಸಾರಿತು. ಈ ತಿರುವಿಗೆ ಸುಮಾರು 2.8 ಕೋಟಿ ಡಾಲರ್ ಹೊಸ ಬಂಡವಾಳ ದೊರೆಯಿತು. ಸೌಂದರ್ಯವರ್ಧಕದ ವಿಭಾಗದ ಬಹುಪಾಲನ್ನು ಮಾರಲಾಯಿತು. ಅದೇ ವರ್ಷ ಮಾರ್ಸ್ ಸಂಸ್ಥೆಯ ಆಹಾರ ವಿಭಾಗವನ್ನು ನಡೆಸಿದ್ದ ಅಪು ಮೋದಿ ಮುಖ್ಯಸ್ಥರಾಗಿ ಬಂದರು. ತ್ರೈವ್ ಎಂಬ ಹೆಸರಿನ ಅಡುಗೆ ಎಣ್ಣೆ, ಪಾಚಿಯ ಹಿಟ್ಟು ಮತ್ತು ಪಾಚಿಯ ಪ್ರೋಟೀನು ಮುಖ್ಯ ಸರಕುಗಳಾದವು.

ಒಂದು ಉದ್ಯಮದಲ್ಲಿರುವ ಕಂಪೆನಿ ಮತ್ತೊಂದಕ್ಕೂ ಕೈಹಾಕುವುದನ್ನು ವೈವಿಧ್ಯೀಕರಣ ಎನ್ನುತ್ತಾರೆ. ಈ ವೈವಿಧ್ಯೀಕರಣ ವಿವೇಕವೋ ಅನಿವಾರ್ಯದ ಓಟವೋ ಎಂಬುದೇ ಹೂಡಿಕೆದಾರರ ನಡುವಿನ ವಿವಾದ.

ಪರವಾಗಿ ಇದ್ದ ವಾದ

ಮೊದಲನೆಯದಾಗಿ, ಅದೇ ತೊಟ್ಟಿ, ಅದೇ ವಿದ್ಯೆ, ಆದರೆ ಕಿಲೋಗೆ ಹಲವು ಪಟ್ಟು ಬೆಲೆ. ತ್ರೈವ್ ಎಣ್ಣೆಯಲ್ಲಿ ಸುಮಾರು 90 ಪ್ರತಿಶತ ಏಕ-ಅಪರ್ಯಾಪ್ತ ಕೊಬ್ಬಿತ್ತು. ಇದು ಆಲಿವ್ ಎಣ್ಣೆಯಲ್ಲಿರುವುದಕ್ಕಿಂತ ಹೆಚ್ಚು. ಎರಡನೆಯದಾಗಿ, ಕಚ್ಚಾತೈಲದ ಏರಿಳಿತಕ್ಕೆ ಆಹಾರದ ವ್ಯಾಪಾರ ಅಷ್ಟಾಗಿ ಸಿಲುಕದು. ಮೂರನೆಯದಾಗಿ, ಮೊಟ್ಟೆ ಮತ್ತು ಬೆಣ್ಣೆಗೆ ಬದಲಿ ಹುಡುಕುವ ಬೇಕರಿ ಉದ್ಯಮಕ್ಕೆ ಪಾಚಿಯ ಹಿಟ್ಟು ಹೊಸ ಸಾಧ್ಯತೆಯಾಗಿತ್ತು. ವಿದ್ಯೆಗೆ ತಕ್ಕ ಪೇಟೆ ಈಗ ಸಿಕ್ಕಿತೆಂಬುದು ಇವರ ನಿಲುವು.

ವಿರೋಧವಾಗಿ ಇದ್ದ ವಾದ

ಇಂಧನ, ಸೌಂದರ್ಯವರ್ಧಕ, ಜಾರುಕ, ಈಗ ಆಹಾರ: ಪ್ರತಿಯೊಂದು ತಿರುವಿನಲ್ಲೂ ಭರವಸೆ ಹೊಸದು, ನಷ್ಟ ಹಳೆಯದು ಎಂಬುದು ಎದುರಾಳಿಗಳ ಮೊದಲ ಆಕ್ಷೇಪ. ಇಂಧನದ ಅಳತೆಗೆ ಕಟ್ಟಿದ ಸ್ಥಾವರವನ್ನು ದುಬಾರಿ ಎಣ್ಣೆಯ ಸಣ್ಣ ಪೇಟೆ ತುಂಬಿಸಲಾರದು. ತೊಟ್ಟಿಗಳು ಖಾಲಿ ನಿಂತರೂ ಅವುಗಳ ನಿರ್ವಹಣೆಯ ಖರ್ಚು ನಿಲ್ಲದು ಎಂಬುದು ಎರಡನೆಯದು.

ಮೂರನೆಯ ಆಕ್ಷೇಪ ಕಾಲಕ್ಕೆ ಸಂಬಂಧಿಸಿದ್ದು. ನಮ್ಮ ಮನೆಗಳಲ್ಲಿಯೇ ನೋಡೋಣ. ತೆಂಗಿನೆಣ್ಣೆಯೋ ಕಡಲೆಕಾಯಿ ಎಣ್ಣೆಯೋ, ತಾಯಿ ಬಳಸಿದ್ದನ್ನೇ ಮಗಳೂ ಬಳಸುತ್ತಾಳೆ. ಹೊಸ ಎಣ್ಣೆ ಒಲೆಯ ಬಳಿಗೆ ಬರಲು ವರ್ಷಗಳು ಬೇಕು. ದೊಡ್ಡ ಆಹಾರ ಸಂಸ್ಥೆಗಳೂ ಹೊಸ ಪದಾರ್ಥವನ್ನು ಪರೀಕ್ಷಿಸಿ, ರುಚಿ ನೋಡಿಸಿ, ಪಾಕವನ್ನು ಬದಲಿಸಿ ಖರೀದಿಗೆ ಮುಂದಾಗುವಾಗ ದೀರ್ಘಕಾಲ ಹಿಡಿಯುತ್ತದೆ. ಸಾಲಪತ್ರದ ಗಡುವು ಮಾತ್ರ 2018 ಮತ್ತು 2019.

ಏನಾಯಿತು?

2016ರ ಅಕ್ಟೋಬರಿನಲ್ಲಿ ಸಾಯ್ಲೆಂಟ್ ಎಂಬ ಅಮೆರಿಕದ ಆಹಾರ ಕಂಪೆನಿ, ಗ್ರಾಹಕರಲ್ಲಿ ಕೆಲವರು ಅಸ್ವಸ್ಥರಾದರೆಂದು ತನ್ನ ತಿನಿಸಿನ ಮಾರಾಟವನ್ನು ನಿಲ್ಲಿಸಿತು. ಅದರಲ್ಲಿದ್ದ ಪಾಚಿಯ ಹಿಟ್ಟು ಕಾರಣವಿರಬಹುದೆಂದು ಅದು ಶಂಕಿಸಿತು. ಟೆರಾವಿಯಾ ಆ ಶಂಕೆಯನ್ನು ಒಪ್ಪಲಿಲ್ಲ. ಯಾರ ಮಾತು ಸರಿಯೆಂಬ ತೀರ್ಪು ನಮ್ಮದಲ್ಲ. ಆದರೆ ಇಂಧನದ ವ್ಯಾಪಾರದಲ್ಲಿಲ್ಲದ ಒಂದು ಅಪಾಯ ಆಹಾರದಲ್ಲಿದೆಯೆಂಬುದು ಇದರಿಂದ ಸ್ಪಷ್ಟ: ಹೊಸ ಪದಾರ್ಥದ ಮೇಲೆ ಸಂಶಯದ ನೆರಳು ಬಿದ್ದರೂ ಸಾಕು, ವಿಶ್ವಾಸ ಗಳಿಸಲು ಇನ್ನಷ್ಟು ಕಾಲ ಬೇಕಾಗುತ್ತದೆ.

ಆ ಕಾಲ ಕಂಪೆನಿಯ ಬಳಿ ಇರಲಿಲ್ಲ. ಸಾಲಪತ್ರಗಳಲ್ಲಿ ಕೆಲಭಾಗ ಷೇರುಗಳಾಗಿ ಬದಲಾಗಿದ್ದರೂ ಉಳಿದ ಸಾಲ ಭಾರವಾಗಿಯೇ ಇತ್ತು. 2017ರ ಆಗಸ್ಟ್ 2ರಂದು ಟೆರಾವಿಯಾ ದಿವಾಳಿ ಕಾಯಿದೆಯಡಿ ನ್ಯಾಯಾಲಯದ ರಕ್ಷಣೆ ಕೋರಿತು. ನೆದರ್ಲೆಂಡ್ಸ್‌ನ ಕೊರ್ಬಿಯನ್ ಎಂಬ ಸಂಸ್ಥೆ ಸುಮಾರು 2 ಕೋಟಿ ಡಾಲರಿಗೆ ಅದರ ವ್ಯವಹಾರವನ್ನು ಕೊಂಡುಕೊಂಡಿತು. 2011ರಲ್ಲಿ ಮೊದಲ ಷೇರು ಮಾರಾಟದಲ್ಲಿ ಸಂಗ್ರಹವಾದ ಮೊತ್ತದ ಸರಿಸುಮಾರು ಹತ್ತನೆಯ ಒಂದು ಪಾಲು ಇದು.

ದಿವಾಳಿಯಾದಾಗ ಹಣ ಹಂಚುವುದಕ್ಕೆ ಒಂದು ಕ್ರಮವಿದೆ. ಮೊದಲು ಸಾಲ ಕೊಟ್ಟವರು. ಅವರೆಲ್ಲರಿಗೂ ಸಂದು ಏನಾದರೂ ಉಳಿದರೆ ಮಾತ್ರ ಷೇರುದಾರರು. ಇಲ್ಲಿ ಸಾಲವೇ ಮಾರಾಟದ ಮೊತ್ತವನ್ನು ಮೀರಿತ್ತು. ಷೇರುದಾರರ ಪಾಲಿಗೆ ಏನೂ ಉಳಿಯಲಿಲ್ಲ.

ಕಂಪೆನಿಯ ನಂತರವೂ ಉಳಿದ ವಿದ್ಯೆ

ಚರಿತ್ರೆ ಇಲ್ಲಿಗೆ ಮುಗಿಯುವುದಿಲ್ಲ. ಮೀನಿನೆಣ್ಣೆಯಲ್ಲಿರುವ ಡಿ.ಎಚ್.ಎ. ಎಂಬ ಒಮೆಗಾ-3 ಕೊಬ್ಬಿನಾಮ್ಲವನ್ನು ಪಾಚಿಯಿಂದ ಪಡೆದು, ಸಾಕಣೆಯ ಸಾಲ್ಮನ್ ಮೀನುಗಳ ಮೇವಿಗೆ ಸೇರಿಸುವ ಆಲ್ಗಾಪ್ರೈಮ್ ಎಂಬ ಉತ್ಪನ್ನವನ್ನು ಟೆರಾವಿಯಾ ಮತ್ತು ಬಂಗೆ 2016ರಲ್ಲಿ ಪೇಟೆಗೆ ತಂದಿದ್ದವು. ಕೊರ್ಬಿಯನ್ ಅದನ್ನು ಮುಂದುವರಿಸಿತು. ಬ್ರೆಜಿಲ್‌ನ ಅದೇ ಸ್ಥಾವರದಲ್ಲಿ ಉತ್ಪಾದನೆ ನಡೆಯಿತು.

ಅಡುಗೆ ಎಣ್ಣೆ ಎಡವಿದಲ್ಲಿ ಮೀನಿನ ಮೇವು ನಿಂತದ್ದೇಕೆ? ಸಮುದ್ರದಿಂದ ಹಿಡಿಯುವ ಮೀನಿನ ಎಣ್ಣೆಯ ಪ್ರಮಾಣಕ್ಕೆ ಮಿತಿಯಿದೆ, ಮೇವಿನ ಬೇಡಿಕೆ ಬೆಳೆಯುತ್ತಲೇ ಇದೆ. ಕೊಳ್ಳುವವರು ಕೆಲವೇ ದೊಡ್ಡ ಮೇವು ತಯಾರಕರು. ಲಕ್ಷಾಂತರ ಅಡುಗೆಮನೆಗಳ ಮನವೊಲಿಸಬೇಕಾಗಿಲ್ಲ. ಹೊಸ ಒಡೆಯನ ತಲೆಯ ಮೇಲೆ ಹಳೆಯ ಸಾಲಪತ್ರಗಳ ಗಡುವೂ ಇರಲಿಲ್ಲ. ವಿದ್ಯೆಯನ್ನು ನಂಬಿದವರ ಮಾತು ಒಂದು ಅರ್ಥದಲ್ಲಿ ನಿಜವಾಯಿತು. ಆದರೆ ಅದರ ಫಲ ಅವರ ಕೈಗೆ ಬರಲಿಲ್ಲ.

ವಿದ್ಯಾರ್ಥಿಗಳೂ ಪೋಷಕರೂ ಕೇಳಬೇಕಾದ ಪ್ರಶ್ನೆಗಳು

ಈ ವಿವಾದ ಮೇಲ್ನೋಟಕ್ಕೆ ವಿಜ್ಞಾನದ ಕುರಿತಾದದ್ದೆಂದು ತೋರಿದರೂ ಅದರ ತಿರುಳು ಕಾಲದ ಲೆಕ್ಕದಲ್ಲಿತ್ತು. ಆಹಾರ ಜನರ ವಿಶ್ವಾಸ ಗಳಿಸಲು ಬೇಕಾದ ಕಾಲ, ಸಾಲ ಕೊಟ್ಟವರು ಕಾಯುವ ಕಾಲ, ಇವೆರಡೂ ಹೊಂದಲಿಲ್ಲ. ಯಾವುದೇ ಸಣ್ಣ ಕಂಪೆನಿ ಹೊಸ ಉದ್ಯಮಕ್ಕೆ ಇಳಿಯುತ್ತಿದೆಯೆಂಬ ಆಕರ್ಷಕ ಸುದ್ದಿ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತೆಂದು ನಾವು ಭಾವಿಸುತ್ತೇವೆ. ಕಚ್ಚಾವಸ್ತುವಿನ ಬೆಲೆಯನ್ನು ಸಿದ್ಧವಸ್ತುವಿನ ಬೆಲೆಯೊಡನೆ ಹೋಲಿಸಿದರೆ ಏನು ಉಳಿಯುತ್ತದೆ? ಸಾಲವೆಷ್ಟು, ಅದನ್ನು ಯಾವ ವರ್ಷ ತೀರಿಸಬೇಕು? ಗ್ರಾಹಕ ಯಾರು, ಅವನು ಒಪ್ಪಲು ಎಷ್ಟು ಕಾಲ ಬೇಕು? ಈ ಹಿಂದೆ ಕಂಪೆನಿ ಎಷ್ಟು ಬಾರಿ ದಾರಿ ಬದಲಿಸಿದೆ?

ಮೂರು ಕಿಲೋ ಸಕ್ಕರೆ, ಒಂದು ಕಿಲೋ ಎಣ್ಣೆಯ ಲೆಕ್ಕವನ್ನು ಮಕ್ಕಳು ಇಂದಿನ ಪೇಟೆಯ ಬೆಲೆಗಳನ್ನಿಟ್ಟು ಮತ್ತೊಮ್ಮೆ ಮಾಡಿ ನೋಡಲಿ. ಹತ್ತಿರದ ಅಂಗಡಿಯ ಸಕ್ಕರೆಯ ಬೆಲೆಯೂ ತಾಳೆ ಎಣ್ಣೆಯ ಬೆಲೆಯೂ ಅದಕ್ಕೆ ಸಾಕು. ದೊಡ್ಡ ಹೂಡಿಕೆದಾರರು ವರ್ಷಗಟ್ಟಲೆ ವಾದಿಸಿದ ವಿಷಯದ ಅರ್ಧ ಭಾಗ ಆ ಒಂದು ಲೆಕ್ಕದಲ್ಲಿಯೇ ಅವರಿಗೆ ಅರ್ಥವಾಗುತ್ತದೆ, ಅದೂ ತಮ್ಮ ಭಾಷೆಯಲ್ಲಿ.