ಐನ್‌ಮನೆಯಿಂದ ಹೋಂಸ್ಟೇವರೆಗೆ: ಕೊಡಗಿನ ಹಳ್ಳಿಮನೆಯ ಬದುಕು

ಪೇಟೆಯ ದುಡಿಮೆಯಿಂದ ಎರಡು ದಿನ ಬಿಡುವು ಮಾಡಿಕೊಂಡು ಹಳ್ಳಿಮನೆಯಲ್ಲಿ ತಂಗಿ ಬರುವ ರೂಢಿ ಕೊಡಗಿನಲ್ಲಿ ತೀರ ಇತ್ತೀಚಿನದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಹಣ ಕೊಟ್ಟು ತಂಗುವ ಅತಿಥಿಯ ಮಟ್ಟಿಗೆ ಈ ಮಾತು ಬಹುಪಾಲು ನಿಜ; ಆದರೆ ದೂರದಲ್ಲಿ ನೆಲೆಸಿದವರು ಗೊತ್ತಾದ ದಿನಗಳಲ್ಲಿ ಹಿರಿಯರ ಮನೆಗೆ ಮರಳಿ, ಒಂದೇ ಒಲೆಯ ಅಡುಗೆ ಉಂಡು, ಒಂದೇ ದೀಪದ ಮುಂದೆ ಕೈಮುಗಿದು ಹಿಂದಿರುಗುವ ಪದ್ಧತಿ ಈ ಸೀಮೆಯಲ್ಲಿ ಹೋಂಸ್ಟೇಗಳಿಗಿಂತ ಬಹಳ ಹಿಂದಿನದು. ಆ ಪದ್ಧತಿಗೆ ಕೇಂದ್ರವಾಗಿದ್ದ ಐನ್‌ಮನೆಯನ್ನು ಬದಿಗಿಟ್ಟು ಕೊಡಗಿನ ಅತಿಥಿಸತ್ಕಾರದ ಚರಿತ್ರೆಯನ್ನು ಬರೆಯಲು ಹೊರಟರೆ ಅದು ವ್ಯಾಪಾರದ ಚರಿತ್ರೆಯಾಗುತ್ತದೆಯೇ ಹೊರತು ಮನೆಯ ಚರಿತ್ರೆಯಾಗುವುದಿಲ್ಲ.

ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಇಳಿದುಬಂದ ಕುಲವನ್ನು ಕೊಡವರು ಒಕ್ಕ ಎನ್ನುತ್ತಾರೆ. ಆ ಒಕ್ಕದ ಮೂಲ ಮನೆಯೇ ಐನ್‌ಮನೆ. ಮೂಲಪುರುಷನನ್ನು ಗುರುಕಾರಣ ಎಂದು ಪೂಜಿಸುವ ಸಣ್ಣ ಗುಡಿಯಾದ ಕೈಮಡವು ಮನೆಯ ಸಮೀಪದಲ್ಲೇ ಇರುತ್ತದೆ, ಮತ್ತು ಒಕ್ಕದ ಹಿರಿಯನಾದ ಪಟ್ಟೆದಾರನು ಹಿಂದೆ ಜಮೀನು, ಪೂಜೆ, ಮದುವೆ, ವ್ಯಾಜ್ಯ ಇವೆಲ್ಲದರ ಹೊಣೆಯನ್ನೂ ಹೊರುತ್ತಿದ್ದನು. ಕೊಡವರಲ್ಲದೆ ಅರೆಭಾಷೆಯ ಗೌಡರೇ ಮೊದಲಾದ ಸಮುದಾಯಗಳಲ್ಲಿಯೂ ಐನ್‌ಮನೆಗಳಿವೆ. 1924ರಲ್ಲಿ ಪ್ರಕಟವಾದ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ ಕೊಡವರ ಹಾಡುಗಳೊಂದಿಗೆ ಈ ಮನೆಗಳ ಆಚರಣೆಗಳನ್ನೂ ಬರಹಕ್ಕೆ ಇಳಿಸಿತು, 1952ರಲ್ಲಿ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಹೊರತಂದ ಗ್ರಂಥವು ಒಕ್ಕವನ್ನು ಆ ಸಮಾಜದ ಬುನಾದಿಯೆಂದು ವಿವರಿಸಿ, ಕೊಡಗಿನ ಮನೆಯೊಂದರ ಒಳರಚನೆಯನ್ನು ಭಾರತೀಯ ಸಮಾಜಶಾಸ್ತ್ರದ ಪ್ರಮುಖ ಚರ್ಚೆಗಳೊಳಗೆ ತಂದಿತು.

ಐನ್‌ಮನೆಯನ್ನು ಸಾಮಾನ್ಯವಾಗಿ ಗದ್ದೆಯ ಬಯಲಿಗೂ ಕಾಡಿನ ಇಳಿಜಾರಿಗೂ ನಡುವಿನ ಎತ್ತರದ ಜಾಗದಲ್ಲಿ, ಪೂರ್ವಕ್ಕೆ ಮುಖಮಾಡಿ ಕಟ್ಟುತ್ತಿದ್ದರು. ಎರಡೂ ಬದಿಗೆ ಮಣ್ಣಿನ ಏರಿಗಳಿರುವ, ಅಲ್ಲಲ್ಲಿ ತಿರುವು ಪಡೆಯುವ ಇಕ್ಕಟ್ಟಾದ ಓಣಿಯೊಂದೇ ಅಲ್ಲಿಗೆ ದಾರಿಯಾಗಿರುತ್ತಿದ್ದು, ನಾಡುನಾಡುಗಳ ನಡುವೆ ಕಾದಾಟವಿದ್ದ ಕಾಲದಲ್ಲಿ ಅದು ರಕ್ಷಣೆಗೂ ಒದಗುತ್ತಿತ್ತು. ಓಣಿ ಮುಗಿದಲ್ಲಿ ಭತ್ತ ಬಡಿಯುವ ಕಳ, ಅದರಾಚೆಗೆ ಮೆಟ್ಟಿಲು, ಮೆಟ್ಟಿಲೇರಿದರೆ ಕಯ್ಯಾಲೆ ಎಂಬ ಉದ್ದನೆಯ ಜಗುಲಿ ಸಿಗುತ್ತದೆ. ಕಯ್ಯಾಲೆಯ ಕೆತ್ತನೆಯ ಕಂಬಗಳ ನಡುವೆ ದಪ್ಪನೆಯ ಮರದ ಹಲಗೆಯನ್ನು ಕೂರಿಸಿರುತ್ತಾರೆ. ಐಮರ ಎಂದು ಕರೆಯಲಾಗುವ ಈ ಹಲಗೆ ತಲೆಮಾರುಗಳ ಮೈಯುಜ್ಜಿ ನುಣುಪಾಗಿ ಹೊಳೆಯುತ್ತದೆ, ಮತ್ತು ಬಂದವರು ಮೊದಲು ಕುಳಿತುಕೊಳ್ಳುವುದು, ಹಿರಿಯರು ಗದ್ದೆಯ ಕಡೆಗೆ ಕಣ್ಣಿಟ್ಟು ಮಾತನಾಡುವುದು, ಊರಿನ ವ್ಯವಹಾರ ತೀರ್ಮಾನವಾಗುವುದು ಎಲ್ಲವೂ ಇಲ್ಲಿಯೇ. ಒಳಗಿನ ನಡುಮನೆಗೆ ನೆಲ್ಲಕ್ಕಿ ನಡುಬಾಡೆ ಎಂದು ಹೆಸರು. ಅಲ್ಲಿನ ತೂಗುದೀಪದ ಎದುರಿಗೇ ಒಕ್ಕದ ಎಲ್ಲ ಶುಭಕಾರ್ಯಗಳೂ ನಡೆಯುತ್ತವೆ. ನೈಋತ್ಯದ ಮೂಲೆಯಲ್ಲಿರುವ ಕನ್ನಿಕೊಂಬರೆ ಎಂಬ ಕೋಣೆ ಹಿರಿಯರ ಆರಾಧನೆಗೆ ಮೀಸಲಾಗಿದ್ದು, ಕೋವಿ ಮತ್ತು ಕತ್ತಿಗಳ ಪೂಜೆಯೂ ಅಲ್ಲಿಯೇ ನಡೆಯುತ್ತದೆ. ದೊಡ್ಡ ಮನೆಗಳಲ್ಲಿ ನಾಲ್ಕು ಕಡೆ ಕೋಣೆಗಳೂ ನಡುವೆ ಬಾನಿಗೆ ತೆರೆದ ಅಂಗಳವೂ ಇರುತ್ತವೆ. ಹಿಂದೆ ಹುಲ್ಲು ಹೊದೆಸಿದ್ದ ಮಾಡುಗಳ ಮೇಲೆ, ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ, ಕ್ರಮೇಣ ಕೆಂಪು ಹಂಚು ಬಂದು ಕುಳಿತಿತು.

ಈ ಮನೆಯ ದಿನಚರಿಯನ್ನು ನಡೆಸುತ್ತಿದ್ದುದು ಭತ್ತ ಮತ್ತು ಮಳೆ. ಮುಂಗಾರಿನ ನಡುವಿನ ಕಕ್ಕಡ ತಿಂಗಳಲ್ಲಿ ಮನೆಯವರೆಲ್ಲ ಗದ್ದೆಯ ಕೆಸರಿನಲ್ಲಿ ನಾಟಿಯಲ್ಲಿ ತೊಡಗಿರುತ್ತಿದ್ದುದರಿಂದ ಆ ತಿಂಗಳಲ್ಲಿ ಮದುವೆಗಳು ನಡೆಯುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿದ ಮಾಂಸ, ಕಾಡಿನಿಂದ ಬಂದ ಕಣಿಲೆ ಮತ್ತು ಅಣಬೆ, ಹುಳಿಗೆ ಕಾಚಂಪುಳಿ, ಬೆಳಗಿಗೆ ಅಕ್ಕಿ ಒಟ್ಟಿ ಇವು ಆ ಕಾಲದ ಊಟ. ಕಕ್ಕಡದ ಹದಿನೆಂಟನೆಯ ದಿನದಂದು ಮದ್ದುಸೊಪ್ಪಿನ ಕಡುನೇರಳೆ ಬಣ್ಣದ ಪಾಯಸವನ್ನು ಇಂದಿಗೂ ತಪ್ಪದೆ ಮಾಡುತ್ತಾರೆ. ವಾರಾಂತ್ಯವೆಂಬ ಎಣಿಕೆ ಆ ಬದುಕಿನಲ್ಲಿ ಇರಲಿಲ್ಲ, ಆದರೆ ವಾರಕ್ಕೆ ಒಂದು ಗುರುತು ಇತ್ತು, ಅದು ಸಂತೆ. ಶನಿವಾರಸಂತೆ, ಸೋಮವಾರಪೇಟೆಗಳ ಹೆಸರುಗಳೇ ಅದನ್ನು ಉಳಿಸಿಕೊಂಡಿವೆ.

ಮನೆಗೂ ನೆಲಕ್ಕೂ ಇದ್ದ ನಂಟನ್ನು ಜಮ್ಮ ಎಂಬ ಹಿಡುವಳಿ ಪದ್ಧತಿ ಬಿಗಿಯಾಗಿ ಕಟ್ಟಿತ್ತು. ಅರಸರಿಗೆ ಸೈನಿಕ ಸೇವೆ ಸಲ್ಲಿಸುವ ಕರಾರಿನ ಮೇಲೆ ವಂಶಪಾರಂಪರ್ಯವಾಗಿ ಬರುವ ಈ ಭೂಮಿಗೆ ಸಾಗು ಎಂಬ ಸಾಮಾನ್ಯ ಹಿಡುವಳಿಯ ಅರ್ಧದಷ್ಟೇ ಕಂದಾಯವಿತ್ತು: ನೂರು ಭಟ್ಟಿ ಅಳತೆಯ ಗದ್ದೆಗೆ ಸಾಗುವಿನವರು 10 ರೂಪಾಯಿ ಕೊಟ್ಟರೆ ಜಮ್ಮದವರು 5 ರೂಪಾಯಿ ಕೊಡುತ್ತಿದ್ದರು. ಗದ್ದೆಯ ಜೊತೆಗೆ ಸೌದೆ, ಸೊಪ್ಪು, ದನಗಳ ಮೇವಿಗಾಗಿ ಬಾಣೆ ಎಂಬ ಕಾಡುಭೂಮಿಯೂ ಸಿಗುತ್ತಿತ್ತು. ಈ ನೆಲ ಒಬ್ಬನದಲ್ಲ, ಇಡೀ ಒಕ್ಕದ್ದು. ಅದನ್ನು ಮಾರುವಂತಿರಲಿಲ್ಲವಾದ್ದರಿಂದ, ಮನೆಯ ಮಗನೊಬ್ಬ ಎಷ್ಟೇ ದೂರ ಹೋದರೂ ಅವನ ಹಕ್ಕೂ ಹೊಣೆಯೂ ಐನ್‌ಮನೆಯ ಹೊಸ್ತಿಲಲ್ಲೇ ಉಳಿಯುತ್ತಿದ್ದವು.

ಹಾಗೆ ದೂರ ಹೋದವರನ್ನು ಮರಳಿ ಕರೆಯುವ ದಿನಗಳು ಹಲವು. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಅಂದು ಕೋವಿಗಳಿಗೆ ತೋಕ್‌ಪೂ ಎಂಬ ಬೆಂಕಿಬಣ್ಣದ ಹೂ ಮುಡಿಸಿ, ಕಡಂಬುಟ್ಟು ಮತ್ತು ಪಂದಿಕರಿಯ ಊಟ ಮಾಡುತ್ತಾರೆ. ಕಾರಣರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಎಡೆ ಇಡುವ ಕಾರಣಂಗ್ ಕೊಡ್ಪ ಎಂಬ ಆಚರಣೆಯೂ ಒಕ್ಕದವರನ್ನು ಒಂದೆಡೆ ಸೇರಿಸುತ್ತದೆ. ಆದರೆ ಮನೆ ನಿಜವಾಗಿ ತುಂಬುವುದು ಸುಗ್ಗಿಯ ಹಬ್ಬವಾದ ಪುತ್ತರಿಗೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪನ ಸನ್ನಿಧಿಯಲ್ಲಿ ಮುಹೂರ್ತ ಗೊತ್ತಾದ ಮೇಲೆ, ನವೆಂಬರ್ ಕೊನೆ ಅಥವಾ ಡಿಸೆಂಬರಿನ ಹುಣ್ಣಿಮೆಯ ಆಸುಪಾಸಿನ ಆ ರಾತ್ರಿ, ಒಕ್ಕದವರೆಲ್ಲ ನೆಲ್ಲಕ್ಕಿಯ ದೀಪದಡಿ ಕುಳಿತು ಹಲವು ಬಗೆಯ ಎಲೆಗಳನ್ನು ಸೇರಿಸಿ ನೆರೆ ಕಟ್ಟುತ್ತಾರೆ. ಬಳಿಕ ದೀಪ ಹಿಡಿದು ಗದ್ದೆಗೆ ಇಳಿದು, ಕೋವಿಯ ಗುಂಡು ಹಾರಿದೊಡನೆ ‘ಪೊಲಿ ಪೊಲಿ ದೇವಾ’ ಎಂದು ಕೂಗುತ್ತ ಹೊಸ ಕದಿರನ್ನು ಕೊಯ್ದು ಮನೆಗೆ ತರುತ್ತಾರೆ. ಕದಿರು ಬಂದ ಮೇಲೆ ಬಾಳೆಹಣ್ಣಿನ ತಂಬುಟ್ಟು, ಬೇಯಿಸಿದ ಗೆಣಸು. ಮುಂದಿನ ದಿನಗಳಲ್ಲಿ ಊರಿನ ಮಂದ್ ಎಂಬ ಬಯಲಿನಲ್ಲಿ ಕೋಲಾಟ, ಮನೆಯಿಂದ ಮನೆಗೆ ಭೇಟಿ. ಹೀಗೆ ಬಂದವನು ಅತಿಥಿಯೂ ಹೌದು, ಮನೆಯವನೂ ಹೌದು. ಕದಿರು ಕೊಯ್ಯುವ ಕೆಲಸದಲ್ಲಿ ಅವನ ಕೈಯೂ ಇರಬೇಕು. ಕೊಡಗಿನ ಸ್ವಂತ ‘ಊರಿಗೆ ಹೋಗುವಿಕೆ’ ಇದೇ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಹಾಲೇರಿ ವಂಶದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಅದಕ್ಕೆ ನಾಲ್ಕು ದಶಕ ಮೊದಲು, 1792ರಿಂದ 1794ರ ನಡುವೆ, ದೊಡ್ಡವೀರರಾಜೇಂದ್ರನು ಕಕ್ಕಬ್ಬೆಯ ಬಳಿ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆ ಕೊನೆಯ ಅರಸನಿಗೂ ಆಸರೆಯಾಗಿತ್ತು. ಕಾಡಿನ ನಡುವಿನ ಆ ಎರಡಂತಸ್ತಿನ ಕಟ್ಟಡವನ್ನು ನೋಡಿದವರಿಗೆ, ಅರಸನ ವಿಶ್ರಾಂತಿಗಿಂತ ಅವನ ಸುರಕ್ಷತೆಯೇ ಅದರ ಗುರಿಯಾಗಿತ್ತೆಂಬುದು ಸ್ಪಷ್ಟವಾಗುತ್ತದೆ. ವಿಶ್ರಾಂತಿಗೆಂದೇ ಕಟ್ಟಿದ ಮನೆ ಕೊಡಗಿಗೆ ಬಂದದ್ದು ಕಾಫಿಯೊಂದಿಗೆ. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ನನು ಮಡಿಕೇರಿಯ ಸಮೀಪ ತೋಟ ಆರಂಭಿಸಿದ ನಂತರ ಬಿಳಿಯ ತೋಟಗಾರರು ಒಬ್ಬರ ಹಿಂದೊಬ್ಬರು ಬಂದರು. ಕಾಂಡಕೊರಕ ಹುಳದ ಹಾವಳಿಯಿಂದ ಮೊದಲ ತೋಟಗಳು ಪೆಟ್ಟುತಿಂದ ಮೇಲೆ ದಕ್ಷಿಣ ಕೊಡಗಿನ ಬಿದಿರುಸೀಮೆಯಲ್ಲಿ, ಪಾಲಿಬೆಟ್ಟ ಮತ್ತು ಸಿದ್ದಾಪುರದ ಸುತ್ತ, ನೆರಳಿನ ಮರಗಳ ಕೆಳಗೆ ಕಾಫಿ ನೆಲೆಯೂರಿತು.

ತೋಟದ ಬಂಗಲೆಯೂ ಜಗುಲಿಯುಳ್ಳ ಹಂಚಿನ ಮನೆಯೇ, ಆದರೆ ಅದರ ಮನಸ್ಸು ಬೇರೆ. ಐನ್‌ಮನೆ ಗದ್ದೆಗೆ ಮುಖಮಾಡಿದರೆ ಬಂಗಲೆ ಗುಡ್ಡದ ನೆತ್ತಿಯ ಮೇಲೆ ನೋಟಕ್ಕೆ ಮುಖಮಾಡಿತು. ದೀಪದ ಜಾಗದಲ್ಲಿ ಅಗ್ಗಿಷ್ಟಿಕೆ, ಕಳದ ಜಾಗದಲ್ಲಿ ಹೂತೋಟ ಮತ್ತು ಹುಲ್ಲುಹಾಸು ಬಂದವು, ಅಡುಗೆಮನೆ ಹಿತ್ತಿಲಿಗೆ ಸರಿಯಿತು. ಮುಂಜಾನೆಯ ಮಸ್ಟರ್, ಅಂದರೆ ಆಳುಗಳ ಹಾಜರಿ ಹಿಡಿದು ಕೆಲಸ ಹಂಚುವುದರಿಂದ ದೊರೆಯ ದಿನ ಶುರುವಾಗುತ್ತಿತ್ತು. ವಾರದ ಕೊನೆಗೆ ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಂಥ ಕಡೆ ಸೇರುವುದು, ನೆರೆಯ ತೋಟದಲ್ಲಿ ರಾತ್ರಿ ತಂಗುವುದು ಒಂಟಿತನಕ್ಕೆ ಮದ್ದಾಗಿತ್ತು. ಅದೇ ತೋಟದ ಇನ್ನೊಂದು ಅಂಚಿನಲ್ಲಿ, ಸಾಲಾಗಿ ಒಂದಕ್ಕೊಂದು ಅಂಟಿಸಿ ಕಟ್ಟಿದ ಲೈನ್‌ಮನೆಗಳಲ್ಲಿ ದುಡಿಯುವವರು ಇರುತ್ತಿದ್ದರು. ಬಟವಾಡೆಯ ಕೂಲಿ ಕೈಗೆ ಬಂದ ಮೇಲೆ ಸಂತೆಗೆ ಹೋಗಿ ಅಕ್ಕಿ, ಒಣಮೀನು, ಎಲೆಅಡಿಕೆ ತರುವುದೇ ಅವರ ವಾರದ ಬಿಡುವು. ಗೋಣಿಕೊಪ್ಪಲಿನ ಭಾನುವಾರದ ಸಂತೆ ಇಂದಿಗೂ ಆ ಲಯಕ್ಕೆ ನಡೆಯುತ್ತದೆ. ಎರವರು, ಜೇನುಕುರುಬರು ಮೊದಲಾದವರ ದುಡಿಮೆಯ ಮೇಲೆ ನಿಂತ ಈ ಬದುಕನ್ನು ಬಂಗಲೆಯ ವರ್ಣನೆಗಳು ಸಾಮಾನ್ಯವಾಗಿ ಮರೆಯುತ್ತವೆ, ಮತ್ತು ಇದು ಕೊಡಗಿನ ಬಗ್ಗೆ ಬರೆದವರ ದೊಡ್ಡ ಲೋಪ.

ಕಾಫಿ ಕೊಡವ ಒಕ್ಕಗಳನ್ನೂ ಬದಲಿಸಿತು. ಬಾಣೆಯಲ್ಲಿ ಕಾಫಿ, ಏಲಕ್ಕಿ, ಕಿತ್ತಳೆ ಬೆಳೆದು ಕೈಯಲ್ಲಿ ಹಣವಾದ ಮೇಲೆ ಅಣ್ಣತಮ್ಮಂದಿರು ತಮ್ಮ ಪಾಲಿನ ತೋಟದಲ್ಲಿ ಬೇರೆ ಬೇರೆ ಮನೆ ಕಟ್ಟಿಕೊಂಡರು. ಓದಿದವರು ಸೈನ್ಯಕ್ಕೂ ಸರ್ಕಾರಿ ಕೆಲಸಕ್ಕೂ ಸೇರಿ ಮಡಿಕೇರಿ, ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದರು. ಜನರಲ್ ತಿಮ್ಮಯ್ಯನವರು ಬಾಲ್ಯ ಕಳೆದ ಮಡಿಕೇರಿಯ ‘ಸನ್ನಿಸೈಡ್’ ಆ ಪೀಳಿಗೆಯ ಬಂಗಲೆಗಳಿಗೆ ಒಳ್ಳೆಯ ಮಾದರಿ. ಕೆಲಕಾಲ ಸರ್ಕಾರಿ ಕಚೇರಿಯಾಗಿದ್ದ ಅದು 2021ರ ಫೆಬ್ರುವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಹೀಗೆ ಎಲ್ಲರೂ ಚದುರಿದಾಗ ಐನ್‌ಮನೆಯಲ್ಲಿ ಉಳಿದದ್ದು ಒಂದು ಕುಟುಂಬ, ಕೆಲವೆಡೆ ಬರೀ ಬೀಗ.

ಎರಡನೆಯ ಮಹಾಯುದ್ಧದ ಕಾಲದಿಂದ ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ವ್ಯವಸ್ಥೆಯ ಆಶ್ರಯದಲ್ಲಿದ್ದ ಬೆಳೆಗಾರರು 1990ರ ದಶಕದಲ್ಲಿ ಮುಕ್ತ ಮಾರುಕಟ್ಟೆಗೆ ಬಂದರು. ಆ ದಶಕದ ನಡುವೆ ಒಳ್ಳೆಯ ಬೆಲೆ ಕಂಡವರು 2000ದ ನಂತರ ಬೆಲೆ ಕುಸಿದಾಗ ಸಾಲಕ್ಕೆ ಸಿಲುಕಿದರು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ಎರಡೂ ದಿನ ರಜೆಯಿರುವ ಮಾಹಿತಿ ತಂತ್ರಜ್ಞಾನದ ಉದ್ಯೋಗಿವರ್ಗ ಬೆಳೆದಿತ್ತು. ಮಕ್ಕಳು ಊರುಬಿಟ್ಟು ಖಾಲಿಯಾದ ಕೋಣೆಗಳನ್ನು ಬಾಡಿಗೆಗೆ ಕೊಟ್ಟು, ತಾವು ಉಣ್ಣುವುದನ್ನೇ ಬಡಿಸುವ ಹೋಂಸ್ಟೇ ಈ ಎರಡು ಬೆಳವಣಿಗೆಗಳು ಸೇರಿದಲ್ಲಿ ಹುಟ್ಟಿತು. ಅದನ್ನು ಹೆಚ್ಚಾಗಿ ನಡೆಸಿದವರು ಮನೆಯ ಹೆಂಗಸರು. ತೋಟದ ಲೆಕ್ಕದಲ್ಲಿ ಎಂದೂ ಕಾಣದ ಅವರ ಅಡುಗೆಯ ದುಡಿಮೆಗೆ ಮೊದಲ ಬಾರಿಗೆ ಕೈಗೆ ನೇರವಾಗಿ ಹಣ ಬಂದದ್ದು ಕೊಡಗಿನ ಸಾಮಾಜಿಕ ಚರಿತ್ರೆಯಲ್ಲಿ ಸಣ್ಣ ಸಂಗತಿಯಲ್ಲ. ಪಾಲಿಬೆಟ್ಟದ ಸುತ್ತಲಿನ ಹಳೆಯ ದೊರೆಗಳ ಬಂಗಲೆಗಳನ್ನು ಟಾಟಾ ಕಾಫಿಯೂ ಪ್ರವಾಸಿಗಳಿಗೆ ತೆರೆಯಿತು.

ಐರ್ಲೆಂಡಿನ ಉದಾಹರಣೆ ಇಲ್ಲಿ ಉಪಯುಕ್ತ. 1845ರಿಂದ 1849ರ ಮಹಾಕ್ಷಾಮ ಮತ್ತು ಅದರ ನಂತರದ ವಲಸೆಯಿಂದ ಅಲ್ಲಿನ ಹಳ್ಳಿಗಳು ಬರಿದಾಗಿ, ಹುಲ್ಲುಮಾಡಿನ ಸುಣ್ಣದ ಗೋಡೆಯ ಸಣ್ಣ ಮನೆಗಳು ಪಾಳುಬಿದ್ದವು. 1960ರ ದಶಕದ ಕೊನೆಯ ಹೊತ್ತಿಗೆ ಪಶ್ಚಿಮ ಐರ್ಲೆಂಡಿನಲ್ಲಿ ಅದೇ ಮಾದರಿಯ ಮನೆಗಳನ್ನು ಹೊಸದಾಗಿ ಕಟ್ಟಿ ಪ್ರವಾಸಿಗಳಿಗೆ ವಾರದ ಬಾಡಿಗೆಗೆ ಕೊಡುವ ಯೋಜನೆ ಬಂದಿತು. ಅಲ್ಲಿ ಮನೆಯ ರೂಪ ಉಳಿದು ಮನೆಯವರು ಇಲ್ಲವಾದರು. ಕೊಡಗಿನ ಹೋಂಸ್ಟೇ ಆರಂಭದಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಮನೆಯವರ ಇರುವಿಕೆಯನ್ನೇ ಆಧರಿಸಿತ್ತು. ಈಚೆಗೆ ಹೊರಗಿನ ಬಂಡವಾಳದಿಂದ, ಮನೆಯೊಡೆಯರೇ ವಾಸವಿಲ್ಲದ ಕಟ್ಟಡಗಳು ಅದೇ ಹೆಸರಿನಲ್ಲಿ ಇಳಿಜಾರುಗಳನ್ನು ಅಗೆದು ಎದ್ದಿರುವುದು ಆ ಮೂಲಗುಣಕ್ಕೇ ವಿರುದ್ಧ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲೂಕುಗಳಲ್ಲಿ ಗುಡ್ಡಗಳು ಕುಸಿದು ಜೀವಹಾನಿಯಾದಾಗ ಪ್ರವಾಸೋದ್ಯಮವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಮುಂದಿನ ಎರಡು ಮಳೆಗಾಲಗಳಲ್ಲೂ ಕುಸಿತಗಳು ಮರುಕಳಿಸಿದವು. ಗದ್ದೆ ಮತ್ತು ಕಾಡಿನ ನಡುವೆ ನೀರಿನ ಹಾದಿಯನ್ನು ನೋಡಿ ನಿವೇಶನ ಆರಿಸುತ್ತಿದ್ದ ಹಿರಿಯರ ತಿಳಿವಳಿಕೆಯನ್ನು ಇಂದಿನ ಕಟ್ಟಡ ಪರವಾನಗಿಗಳು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಅತಿಥಿಯ ಹಣದಿಂದ ಹಂಚು ಬದಲಾಯಿಸಬಹುದು, ಗೆದ್ದಲು ಹಿಡಿದ ತೊಲೆಯನ್ನು ತೆಗೆಸಿ ಹೊಸದು ಹಾಕಿಸಬಹುದು. ಪುತ್ತರಿಯ ರಾತ್ರಿ ಕದಿರು ಹಿಡಿದು ಬರುವವರನ್ನು ಮಾತ್ರ ಅದು ತಂದುಕೊಡಲಾರದು, ಭತ್ತದ ಗದ್ದೆಗಳೇ ಪಾಳುಬೀಳುತ್ತಿರುವ ಈ ಕಾಲದಲ್ಲಂತೂ ಅದು ಇನ್ನೂ ಕಷ್ಟ. ಆದುದರಿಂದ ಪ್ರತಿಯೊಂದು ಒಕ್ಕವೂ ತನ್ನ ಐನ್‌ಮನೆಯ ಅಳತೆಯ ನಕ್ಷೆ, ಕೈಮಡದ ಆಚರಣೆಗಳ ವಿವರ ಮತ್ತು ಹಿರಿಯರು ಬಲ್ಲ ವಂಶಾವಳಿಯನ್ನು ಅವರು ಇರುವಾಗಲೇ ಬರೆದಿಡಬೇಕು. ಅದರೊಂದಿಗೆ ತನ್ನ ತೋಟದ ಲೈನ್‌ಮನೆಗಳಲ್ಲಿ ತಲೆಮಾರುಗಳಿಂದ ಬಾಳಿದವರ ನೆನಪುಗಳನ್ನೂ ಅದೇ ಕಡತದಲ್ಲಿ ಸೇರಿಸಬೇಕು.