ಕೃಷ್ಣಾ ಜಲಹಂಚಿಕೆ: ಕೇಂದ್ರ–ರಾಜ್ಯ ಅಧಿಕಾರ

ಭಾರತದ ಸಂವಿಧಾನ 7ನೇ ಅನುಸೂಚಿಯಲ್ಲಿ ಅಧಿಕಾರವನ್ನು ಕೇಂದ್ರ, ರಾಜ್ಯ ಮತ್ತು ಸಮವರ್ತಿ ಎಂಬ ಮೂರು ಪಟ್ಟಿಗಳಾಗಿ ಹಂಚಿದೆ. ನೀರು, ನೀರಾವರಿ, ಕಾಲುವೆ ರಾಜ್ಯ ಪಟ್ಟಿಯ 17ನೇ ನಮೂದಿನಲ್ಲಿವೆ. ಆದರೆ ಅದು ಕೇಂದ್ರ ಪಟ್ಟಿಯ 56ನೇ ನಮೂದಿಗೆ ಅಧೀನ. ಸಂಸತ್ತು ಕಾನೂನಿನಲ್ಲಿ ಘೋಷಿಸಿದಷ್ಟರ ಮಟ್ಟಿಗೆ ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರದ ಕೈಯಲ್ಲಿದೆ. ರಾಜ್ಯಗಳ ನಡುವೆ ತಕರಾರು ಎದ್ದರೆ 262ನೇ ವಿಧಿ ಮತ್ತು 1956ರ ಅಂತರರಾಜ್ಯ ಜಲವಿವಾದ ಕಾಯ್ದೆಯಂತೆ ಕೇಂದ್ರವು ನ್ಯಾಯಮಂಡಳಿ ರಚಿಸುತ್ತದೆ.

ಈ ಅಧಿಕಾರ ಹಂಚಿಕೆ ಎಷ್ಟು ಜಟಿಲವೆಂಬುದು ವಿಜಯಪುರ ಜಿಲ್ಲೆಯ ತಾಳಿಕೋಟೆ, ಮುದ್ದೇಬಿಹಾಳ, ಇಂಡಿ ಸೀಮೆಯಲ್ಲಿ ನೇರವಾಗಿ ಕಾಣುತ್ತದೆ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು. ಕಟ್ಟಿದ್ದು ಕರ್ನಾಟಕ, ಎಷ್ಟು ನೀರು ನಿಲ್ಲಿಸಬೇಕೆಂಬುದು ಮಾತ್ರ ರಾಜ್ಯವೊಂದರ ತೀರ್ಮಾನವಲ್ಲ. 1969ರಲ್ಲಿ ರಚನೆಯಾದ ಬಚಾವತ್ ನ್ಯಾಯಮಂಡಳಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ಅಡಿ ನೀರು ಹಂಚಿತು. 2000ರಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಯ ಎತ್ತರವನ್ನು 519.6 ಮೀಟರಿಗೆ ಮಿತಿಗೊಳಿಸಿತು. ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 2010ರಲ್ಲಿ 524.256 ಮೀಟರಿಗೆ ಒಪ್ಪಿತಾದರೂ, ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಗದಂತೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಗೆಜೆಟ್‌ನಲ್ಲಿ ಬರದ ತೀರ್ಪು ಜಾರಿಯಾಗದು. ವರ್ಷಗಟ್ಟಲೆ ಎಳೆಯುವ ಇಂಥ ವ್ಯಾಜ್ಯ ಈ ವ್ಯವಸ್ಥೆಯ ದೊಡ್ಡ ಕೊರತೆ. ಅದರ ಭಾರ ಬೀಳುವುದು ಕಾಲುವೆಯ ಕೊನೆಯಲ್ಲಿರುವ ಒಣಬೇಸಾಯದ ರೈತನ ಮೇಲೆ.

ನೀರಿನೊಂದಿಗೆ ಹೆಣೆದುಕೊಂಡಿರುವ ವಿದ್ಯುತ್ತು ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯ ವಿಷಯ. ಬಸವನಬಾಗೇವಾಡಿ ಭಾಗದ ಕೂಡಗಿಯಲ್ಲಿ ಕೇಂದ್ರ ಸ್ವಾಮ್ಯದ ಎನ್‌ಟಿಪಿಸಿ 2,400 ಮೆಗಾವಾಟ್ ಸ್ಥಾವರ ನಡೆಸುತ್ತದೆ. ಅದಕ್ಕೆ ನೀರು ಆಲಮಟ್ಟಿ ಜಲಾಶಯದ್ದು.