ಬಾಲ್ಕನಿಯಲ್ಲಿ ನಿಂತ ವರದಿಗಾರ್ತಿಯರು

ವಾಷಿಂಗ್ಟನ್ನಿನ ನ್ಯಾಷನಲ್ ಪ್ರೆಸ್ ಕ್ಲಬ್ 1908ರಲ್ಲಿ ಹುಟ್ಟಿದ್ದು ಗಂಡಸರಿಗಾಗಿ ಮಾತ್ರ. ಹೊರಗುಳಿದ ಪತ್ರಕರ್ತೆಯರು 1919ರಲ್ಲಿ ತಮ್ಮದೇ ಕ್ಲಬ್ ಕಟ್ಟಿಕೊಂಡರು. ಖಾಸಗಿ ಸಂಘ ಯಾರನ್ನು ಸೇರಿಸಿಕೊಳ್ಳುತ್ತದೆಂಬುದು ಅದರ ಇಷ್ಟ ಎಂಬ ವಾದ ಮೇಲ್ನೋಟಕ್ಕೆ ಸರಿಯೇ. ಆದರೆ ಹೊರದೇಶಗಳ ನಾಯಕರು ಭಾಷಣ ಮಾಡುತ್ತಿದ್ದುದು ಅಲ್ಲಿನ ಮಧ್ಯಾಹ್ನದೂಟದ ಸಭೆಗಳಲ್ಲಿ. ಮರುದಿನದ ಮುಖಪುಟಕ್ಕೆ ಸುದ್ದಿ ಹುಟ್ಟುವ ಜಾಗ ಖಾಸಗಿಯಾಗಿ ಉಳಿಯುವುದಾದರೂ ಹೇಗೆ? 1955ರಲ್ಲಿ ಹೆಂಗಸರನ್ನು ಬಾಲ್ಕನಿಗೆ ಬಿಟ್ಟರು. ಕೆಳಗೆ ಗಂಡಸರು ಉಣ್ಣುತ್ತಿದ್ದರೆ, ಇವರು ಮೇಲಿನ ಇಕ್ಕಟ್ಟಿನಲ್ಲಿ ಟಿಪ್ಪಣಿ ಬರೆದುಕೊಳ್ಳಬೇಕು. ಊಟವಿಲ್ಲ, ಪ್ರಶ್ನೆ ಕೇಳುವಂತಿಲ್ಲ. ಭಾಷಣ ಕಿವಿಗೆ ಬೀಳುತ್ತಿತ್ತಲ್ಲ, ವರದಿಗೆ ಅಷ್ಟು ಸಾಲದೇ ಎನ್ನಬಹುದು. ಖಂಡಿತ ಸಾಲದು. ರಾಜಕೀಯ ವರದಿಯ ಜೀವವೇ ಪ್ರಶ್ನೆ, ಭಾಷಣ ಮುಗಿದ ಮೇಲೆ ಪಕ್ಕದಲ್ಲಿ ನಿಂತು ಪಡೆಯುವ ಎರಡು ಮಾತು. ಅದನ್ನು ಕಿತ್ತುಕೊಂಡು, ಗಂಡಸರಷ್ಟೇ ಬೇಗ, ಅಷ್ಟೇ ಗಟ್ಟಿ ಸುದ್ದಿ ಕೊಡಿ ಎನ್ನುವುದು ಶುದ್ಧ ಅನ್ಯಾಯ.

ಹೆಂಗಸರಿಗೆ ರಾಜಕೀಯ ಒಗ್ಗದೆಂಬ ಮಾತಿಗೂ ಆಧಾರವಿಲ್ಲ. ಅಮೆರಿಕ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ 1933ರಲ್ಲಿ ಪತ್ರಕರ್ತೆಯರಿಗಷ್ಟೇ ಪತ್ರಿಕಾಗೋಷ್ಠಿ ಆರಂಭಿಸಿದಾಗ, ಸುದ್ದಿ ಬೇಕಾದ ಸಂಸ್ಥೆಗಳಿಗೆ ಹೆಂಗಸರು ಬೇಕಾದರು. ಬಾಗಿಲು ತೆರೆದಲ್ಲೆಲ್ಲ ಅವರು ಕೆಲಸ ಮಾಡಿ ತೋರಿಸಿದ್ದಾರೆ. ಪ್ರೆಸ್ ಕ್ಲಬ್ ಮತ ಹಾಕಿ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1971ರ ಜನವರಿಯಲ್ಲಿ.